ಎರಡು ಪೆಟ್ಟಿಗೆಗಳ ಬಿಳಿ ಒಂದು

ಕಾಲು ಹಾರ್ಮೋನಿಯಂ ತಿಪಟೂರಿನ ನನ್ನ ರಿಪೇರಿ ಅಂಗಡಿಗೆ ಬಂದದ್ದು ಲಗೇಜ್ ಆಟೋದಲ್ಲಿ, ಖಾಲಿ ಕೊಬ್ಬರಿ ಚೀಲಗಳ ನಡುವೆ. ಸಣ್ಣ ಹಾರ್ಮೋನಿಯಂ, ನಾವು ಕೈಪೆಟ್ಟಿಗೆ ಎನ್ನುವುದು, ಅದಕ್ಕೆ ಒಂದು ದಿನ ಮೊದಲೇ ಬಂದು ಮೇಜಿನ ಮೇಲೆ ಕೂತಿತ್ತು. ಎರಡೂ ಒಂದೇ ಊರಿನವು, ಒಂದೇ ನಾಟಕಕ್ಕೆ ಸಂಬಂಧಪಟ್ಟವು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅವು ಅಕಸ್ಮಾತ್ತಾಗಿ ಅಕ್ಕಪಕ್ಕ ಕೂರದೆ ಹೋಗಿದ್ದರೆ ಮುಂದಿನದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ದಿನಗಳ ಬಗ್ಗೆ ಆ ಊರಿನಲ್ಲಿ ಈಗಲೂ ಎರಡು ಮೂರು ತರದ ಮಾತುಗಳಿವೆ. ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ.

ಕೈಪೆಟ್ಟಿಗೆ ತಂದವರು ತಿಪಟೂರು–ತುರುವೇಕೆರೆ ದಾರಿಯಲ್ಲಿ ಓಡುವ ಖಾಸಗಿ ಬಸ್ಸೊಂದರ ಕಂಡಕ್ಟರು. ನಲವತ್ತರ ಆಚೀಚೆ ವಯಸ್ಸು. ಬಸ್ಸು ನಿಲ್ದಾಣದಲ್ಲಿ ನಿಂತಿರುವಾಗಲೇ ಓಡಿಬಂದಿದ್ದರು. ಖಾಸಗಿ ಬಸ್ಸಿನ ಕಂಡಕ್ಟರು ಅಷ್ಟು ಮೆಲ್ಲಗೆ ಮಾತಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅಕ್ಕ, ಇದ್ರಲ್ಲಿ ಒಂದು ಮನೆ ಒತ್ತಿದ್ರೆ ಮೇಲೇಳ್ತಾನೇ ಇಲ್ಲ. ಬೇಗ ನೋಡ್ಕೊಡಿ. ಇದಿಲ್ದೆ ನಂಗೆ ದಿನಾನೇ ಹೋಗಲ್ಲ."

ನಮ್ಮ ಕಡೆ ಹಾರ್ಮೋನಿಯಂನ ಒಂದೊಂದು ಪಟ್ಟಿಯನ್ನೂ ಮನೆ ಎನ್ನುತ್ತಾರೆ. ಬಿಳಿ ಒಂದು, ಕಪ್ಪು ಎರಡು ಎಂದು ಬಣ್ಣ ಮತ್ತು ಎಣಿಕೆಯಿಂದಲೇ ಶ್ರುತಿಯನ್ನು ಗುರುತಿಸುವುದು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬಿಳಿ ಒಂದರ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಕಂಡಿತು. ಅದರಿಂದ ಮೇಲೆ, ದೂರದ ಇನ್ನೊಂದು ಮನೆಯ ಮೇಲೂ ಅಂಥದೇ ಚುಕ್ಕೆ.

"ಇದೇನಪ್ಪ ಚುಕ್ಕೆ?"

"ಕೆಳಗಿಂದು ನನ್ನ ಶ್ರುತಿ. ಮೇಲಿಂದು ಗಡಿ ಕಣಕ್ಕ. ಅದ್ರಾಚೆ ನಾನು ಹೋಗಂಗಿಲ್ಲ. ನಮ್ಮನೆಯೋಳು ಬಳ್ದಿರೋದು."

ಅವರು ಹೇಳಿದ್ದು ಇಷ್ಟು. ಊರಿನ ಪೌರಾಣಿಕ ನಾಟಕದಲ್ಲಿ ಅವರದು ಬಹಳ ವರ್ಷಗಳಿಂದ ರಾಜನ ಪಾತ್ರ. ಬಸ್ಸಿನಲ್ಲಿ ಕೂಗಿ, ನಾಟಕದಲ್ಲಿ ಹಾಡಿ, ಗಂಟಲಿನ ದನಿ ಹುಟ್ಟುವ ಜಾಗದಲ್ಲಿ ಒಂದು ಗಂಟು ಎದ್ದಿತ್ತು. ಆಪರೇಷನ್ ಮಾಡಿ ತೆಗೆದಿದ್ದರು. ಆಸ್ಪತ್ರೆಯಲ್ಲಿ ದನಿಯ ಅಭ್ಯಾಸ ಮಾಡಿಸುವ ಹೆಣ್ಣುಮಗಳೊಬ್ಬಳು ಸಣ್ಣ ಕೀಬೋರ್ಡು ಮುಂದಿಟ್ಟುಕೊಂಡು, ಎಲ್ಲಿಂದ ಎಲ್ಲಿಯವರೆಗೆ ಹಾಡಿದರೆ ಅಪಾಯವಿಲ್ಲ ಎಂದು ಒತ್ತಿ ತೋರಿಸಿದ್ದಳು. ಅದನ್ನು ಮೀರಿ ಗಂಟು ಮತ್ತೆ ಬೆಳೆದರೆ ಮತ್ತೆ ಕತ್ತರಿಸಬೇಕು. ಆಮೇಲೆ ಹಾಡಿರಲಿ, ಮಾತು ಉಳಿಯುವುದೂ ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇವರು ಮಾತಿಗೆ ತಪ್ಪದವರು. ಮೊದಲು ಕಪ್ಪು ಎರಡಕ್ಕೆ ಹಾಡುತ್ತಿದ್ದವರು ಬಿಳಿ ಒಂದಕ್ಕೆ ಇಳಿದು, ಸೆಕೆಂಡ್‌ಹ್ಯಾಂಡ್ ಕೈಪೆಟ್ಟಿಗೆ ತಂದು ಮನೆಯಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದರು.

"ಮನೇಲಿ ಆರಾಮಾಗಿ ಬತ್ತೈತೆ ಅಕ್ಕ. ಅಲ್ಲಿ ತಾಲೀಮಿಗೆ ಕೂತ್ರೆ ಅದೇ ಬಿಳಿ ಒಂದಕ್ಕೇ ಗಂಟ್ಲು ಹಿಡ್ಕತ್ತೈತೆ. ಮೊನ್ನೆ ಉಗುಳಿದ್ರೆ ಕೆಂಪಗೆ ಒಂದು ಎಳೆ ಇತ್ತು. ಎಲ್ರೂ ಹೆದ್ರಿಕೆ ಅಂತಾರೆ. ಇದ್ರೂ ಇರ್ಬೋದು."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅವರು ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟುಕೊಂಡೇ ಓಡಿದರು.

ಮಾರನೆಯ ದಿನ ಕಾಲು ಹಾರ್ಮೋನಿಯಂ ತಂದವರು ನಾಟಕ ಕಲಿಸುವ ಮೇಷ್ಟ್ರು. ಊರೂರಿಗೆ ಹೋಗಿ ತಿಂಗಳುಗಟ್ಟಲೆ ತಾಲೀಮು ಮಾಡಿಸುವವರು. ಕಾಲಿನಿಂದ ತಿದಿ ತುಳಿಯುತ್ತಾ ಎರಡೂ ಕೈಯಲ್ಲಿ ನುಡಿಸುವ ಈ ದೊಡ್ಡ ಪೆಟ್ಟಿಗೆ ಅವರದಲ್ಲ, ಊರಿನದು. ಊರಿನ ಯಜಮಾನರೊಬ್ಬರ ಕೊಬ್ಬರಿ ಮನೆಯಲ್ಲಿರುತ್ತದೆ.

"ನೋಡಮ್ಮ, ನಮ್ಮ ಹುಲಿಗೆ ಕೆಮ್ಮು ಬಂದೈತೆ. ತುಳ್ದಷ್ಟೂ ಗಾಳಿ ಸೋರ್ತೈತೆ," ಎಂದರು ಮೇಷ್ಟ್ರು. ಮಾತು ಮುಂದುವರಿದು, "ರಾಜನ ಪಾತ್ರದೋನು ಒಬ್ಬ ಇದಾನೆ, ಕಂಡಕ್ಟ್ರು. ಆಪ್ರೇಷನ್ ಆದ್ಮೇಲೆ ಹೆದ್ರಿಕೆ ಹೊಕ್ಕೊಂಡ್ಬುಟ್ಟೈತೆ. ಅವನಿಗೋಸ್ಕರ ನಾನು ಬಿಳಿ ಒಂದಕ್ಕಿಳ್ದೆ. ಇನ್ನೆಷ್ಟು ಇಳೀಲಿ? ಭೂಮಿ ಒಳಕ್ಕಾ?" ಎಂದು ನಕ್ಕರು.

ಈ ಪೆಟ್ಟಿಗೆಯ ಬಿಳಿ ಒಂದರ ಮೇಲೂ, ಗಡಿಯ ಮನೆಯ ಮೇಲೂ ಸಣ್ಣ ಕಾಗದದ ತುಂಡು ಅಂಟಿಸಿತ್ತು. ಕೈಪೆಟ್ಟಿಗೆಯ ಚುಕ್ಕೆಗಳನ್ನು ನೋಡಿಕೊಂಡು ಮೇಷ್ಟ್ರೇ ಅಂಟಿಸಿದ್ದರು. ಕಂಡಕ್ಟರ ಮೇಲೆ ಅವರಿಗಿದ್ದದ್ದು ತಾತ್ಸಾರವಲ್ಲ. ಅವರು ತಮಗೆ ತಿಳಿದಷ್ಟು ಎಚ್ಚರ ವಹಿಸಿದ್ದರು.

ತಿದಿಯ ಮಡಿಕೆಯಲ್ಲಿ ಚರ್ಮ ಬಿರಿದಿತ್ತು. ಅದನ್ನು ಬಿಚ್ಚಿ ಹೊಸ ಚರ್ಮ ಅಂಟಿಸಿ ಒಣಗಲು ಬಿಟ್ಟೆ. ಆ ಹೊತ್ತಿಗೆ ರೀಡಿನ ಹಲಗೆ ಹೊರತೆಗೆದು ಶುಚಿ ಮಾಡಿದೆ. ಹಾರ್ಮೋನಿಯಂನ ದನಿಯೆಲ್ಲ ಇರುವುದು ಇಲ್ಲಿ. ಹಿತ್ತಾಳೆಯ ತಟ್ಟೆಯಲ್ಲಿ ಒಂದು ಸೀಳು. ಆ ಸೀಳಿನ ಮೇಲೆ ಒಂದು ತುದಿ ಮಾತ್ರ ಬಿಗಿದ ಹಿತ್ತಾಳೆಯ ನಾಲಿಗೆ. ಗಾಳಿ ಹಾಯ್ದಾಗ ನಾಲಿಗೆ ನಡುಗುತ್ತದೆ. ಉದ್ದ ನಾಲಿಗೆ ನಿಧಾನವಾಗಿ ನಡುಗಿ ತಗ್ಗಿದ ದನಿ ಕೊಡುತ್ತದೆ, ಗಿಡ್ಡದು ಬೇಗ ನಡುಗಿ ಏರಿದ ದನಿ. ಕಾಲು ಹಾರ್ಮೋನಿಯಂನ ಕೆಳಗಿನ ಕೊನೆಯ ರೀಡು ನನ್ನ ತೋರುಬೆರಳಿಗಿಂತ ಉದ್ದ, ಮೇಲಿನ ಕೊನೆಯದು ಉಗುರಿನಷ್ಟು. ಕೈಪೆಟ್ಟಿಗೆಯಲ್ಲೂ ಇದೇ ಏರ್ಪಾಡು, ಗಾತ್ರ ಚಿಕ್ಕದು, ಸಾಲುಗಳು ಕಡಿಮೆ.

ರೀಡುಗಳ ಸಂದಿಯಲ್ಲಿ ಮಟ್ಟೆಯ ನಾರು ಸಿಕ್ಕಿಕೊಂಡಿತ್ತು. ಕಾಯಿ ಸುಲಿಯುವ ಮನೆಗಳಲ್ಲಿ ಇರುವ ಪೆಟ್ಟಿಗೆಗಳ ಪಾಡೇ ಇದು. ಚಿಮುಟದಿಂದ ಒಂದೊಂದೇ ಎಳೆ ತೆಗೆದು, ಮೆದು ಕುಂಚದಿಂದ ಒರೆಸಿ, ಹಲಗೆ ಕೂರಿಸಿದೆ. ಚರ್ಮ ಒಣಗಿದ ಮೇಲೆ ತಿದಿ ತುಳಿದು ಬಿಳಿ ಒಂದನ್ನು ಒತ್ತಿದೆ. ದನಿ ತುಂಬಿಕೊಂಡು ಬಂತು. ಗಾಳಿ ಸೋರುತ್ತಿಲ್ಲ. ಹೋಲಿಸಿ ನೋಡೋಣವೆಂದು ಇನ್ನೊಂದು ಕೈಯಲ್ಲಿ, ಆಗಲೇ ಸರಿಮಾಡಿಟ್ಟಿದ್ದ ಪಕ್ಕದ ಕೈಪೆಟ್ಟಿಗೆಯ ಬಿಳಿ ಒಂದನ್ನು ಒತ್ತಿದೆ.

ಎರಡು ದನಿ ಹತ್ತಿರವಿದ್ದು ಹೊಂದದಿದ್ದರೆ ಕಿವಿಯಲ್ಲಿ ಅಲೆಯೊಂದು ಏಳುತ್ತದೆ. ಸ್ವಲ್ಪವೇ ಬೇರೆಯಾದರೆ ನಿಧಾನವಾದ ಅಲೆ, ಹೆಚ್ಚಾದಷ್ಟೂ ಬಿರುಸು. ಇಲ್ಲಿ ಅಲೆಯನ್ನು ಎಣಿಸುವಂತೆಯೇ ಇರಲಿಲ್ಲ. ಎರಡು ದನಿಗಳೂ ಒಂದನ್ನೊಂದು ಕಚ್ಚುತ್ತಿದ್ದವು.

ಮೊದಲು ನಾನು ಅನುಮಾನಿಸಿದ್ದು ಕೈಪೆಟ್ಟಿಗೆಯನ್ನು. ಅಗ್ಗದ ಪೆಟ್ಟಿಗೆ, ತಗ್ಗಿರಬಹುದು ಅಂದುಕೊಂಡೆ. ಟ್ಯೂನಿಂಗ್ ಫೋರ್ಕ್ ತಟ್ಟಿ ನೋಡಿದೆ, ಮೊಬೈಲಿನಲ್ಲಿ ದನಿ ಅಳೆಯುವ ಆ್ಯಪ್ ಇಟ್ಟು ನೋಡಿದೆ. ಕೈಪೆಟ್ಟಿಗೆ ಸರಿಯಾಗಿಯೇ ಇತ್ತು. ಏರಿದ್ದದ್ದು ದೊಡ್ಡ ಪೆಟ್ಟಿಗೆ. ಅದರ ಬಿಳಿ ಒಂದು ಇರಬೇಕಾದ ಜಾಗಕ್ಕಿಂತ ಒಂದು ಮನೆ ದಾಟಿ, ಇನ್ನೂ ಸ್ವಲ್ಪ ಮೇಲಿತ್ತು. ಬಿಳಿ ಒಂದು ಮಾತ್ರ ಹೀಗಾಗಿರಲಿಕ್ಕಿಲ್ಲ ಎಂದು ಪ್ರತಿ ಮನೆಯನ್ನೂ ಒತ್ತಿ ನೋಡಿದೆ. ಎಲ್ಲವೂ ಅಷ್ಟಷ್ಟೇ ಮೇಲೆ. ಪೆಟ್ಟಿಗೆ ತನ್ನೊಳಗೆ ತಾನು ಹೊಂದಿಕೊಂಡೇ ಇತ್ತು. ಹಾಗಾಗಿಯೇ ಯಾರಿಗೂ ಗೊತ್ತಾಗಿರಲಿಲ್ಲ.

ಮತ್ತೆ ಹಲಗೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಹೆಚ್ಚು ಕಡಿಮೆ ಎಲ್ಲ ನಾಲಿಗೆಗಳ ತುದಿಯಲ್ಲೂ ಅರದ ಗೀರುಗಳಿದ್ದವು, ಹಳೆಯ ಗೀರಿನ ಮೇಲೆ ಹೊಸದು. ರೀಡಿನ ತುದಿ ಉಜ್ಜಿದರೆ ಭಾರ ಇಳಿದು ದನಿ ಏರುತ್ತದೆ, ಬುಡ ಉಜ್ಜಿದರೆ ಬಲ ಕುಗ್ಗಿ ದನಿ ಇಳಿಯುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಬಯಲಿನ ಕೊನೆಯವರೆಗೆ ಕೇಳಲಿ ಎಂದು ದನಿ ಏರಿಸುತ್ತಿದ್ದರು. ಒಂದು ರೀಡು ಏರಿದರೆ ಉಳಿದವನ್ನೂ ಅದಕ್ಕೆ ಹೊಂದಿಸಬೇಕು. ಎಷ್ಟು ಕೈಗಳು, ಯಾವ ಯಾವ ಕಾಲದಲ್ಲಿ ಉಜ್ಜಿದ್ದವೋ ಹೇಳಲಾರೆ. ಆದರೆ ಕಂಡಕ್ಟರು ಮನೆಯಲ್ಲಿ ಕೆಂಪು ಚುಕ್ಕೆಯ ಒಳಗೇ ಹಾಡಿ, ತಾಲೀಮಿನಲ್ಲಿ ಅದೇ ಮನೆಗಳ ಹೆಸರು ನಂಬಿ, ಪ್ರತಿಸಲವೂ ಗಡಿ ದಾಟುತ್ತಿದ್ದರು ಎಂಬುದು ಮಾತ್ರ ಸ್ಪಷ್ಟವಾಯಿತು. ಹೆದರಿಕೆಯಲ್ಲ. ಅವರ ಗಂಟಲು ಹೇಳುತ್ತಿದ್ದದ್ದೇ ನಿಜ.

ಫೋನಿನಲ್ಲಿ ಹೇಳಿದರೆ ಮೇಷ್ಟ್ರು ನಂಬಲಿಲ್ಲ. "ಬಿಳಿ ಒಂದು ಅಂದ್ರೆ ಬಿಳಿ ಒಂದೇ ಕಣಮ್ಮ. ಅದೇನು ಊರೂರಿಗೆ ಬೇರೆ ಇರ್ತದಾ?" ಎಂದರು. ಕಂಡಕ್ಟರಿಗೆ ನಾನು ಬರುವವರೆಗೆ ಹಾಡಬೇಡಿ ಎಂದು ಹೇಳಿ, ಭಾನುವಾರ ಎರಡೂ ಪೆಟ್ಟಿಗೆಗಳನ್ನು ಅದೇ ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ನಾನೇ ಊರಿಗೆ ಹೋದೆ.

ತಾಲೀಮು ನಡೆಯುತ್ತಿದ್ದದ್ದು ಯಜಮಾನರ ಕೊಬ್ಬರಿ ಮನೆಯ ಕೆಳಗಿನ ಅಂಕಣದಲ್ಲಿ. ಮೇಲೆ ಅಟ್ಟದ ತುಂಬ ಕಾಯಿ. ತಿಂಗಳಾನುಗಟ್ಟಲೆ ಅಲ್ಲೇ ಒಣಗಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೂ ಇರುತ್ತವೆ. ಕೆಳಗೆ ಚಾಪೆ ಹಾಸಿ ಪಾತ್ರಧಾರಿಗಳು ಕೂತಿದ್ದರು. ಕಂಡಕ್ಟರ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ತಾಲೀಮಿಗೆ ಹೆಂಗಸರು ಬರುವ ವಾಡಿಕೆ ಅಲ್ಲಿಲ್ಲ. ಒಬ್ಬ, "ಏನ್ ಕಂಡಕ್ಟ್ರೇ, ಚೆಕಿಂಗ್‌ನೋರ್ನ ಜೊತೇಲೇ ಕರ್ಕಂಬಂದಿದೀರಾ?" ಎಂದ. ನಗು ಎದ್ದಿತು. ಆಕೆ ಕದಲಲಿಲ್ಲ.

ಮೇಷ್ಟ್ರ ಕೈಯಲ್ಲಿ ದೊಡ್ಡ ಪೆಟ್ಟಿಗೆಯ ಬಿಳಿ ಒಂದನ್ನು ಒತ್ತಿಸಿ, ನಾನು ಕೈಪೆಟ್ಟಿಗೆಯದನ್ನು ಒತ್ತಿದೆ. ನಗು ನಿಂತಿತು. ಎರಡನೆಯ ಸಲ ಯಾರೂ ಒತ್ತು ಎನ್ನಲಿಲ್ಲ. ಮೇಷ್ಟ್ರು ಬಿಳಿ ಒಂದರ ಮೇಲಿನ ಕಾಗದದ ತುಂಡನ್ನೇ ನೋಡುತ್ತಿದ್ದರು.

"ನಾನೇ ಅಲ್ವೇನಮ್ಮ ಇದನ್ನ ಅಂಟಿಸಿದ್ದು," ಎಂದರು ಕೊನೆಗೆ.

ಯಜಮಾನರು ಎಂಬತ್ತು ದಾಟಿದವರು, ಕಂಬಕ್ಕೆ ಒರಗಿ ಕೂತಿದ್ದರು. ಹಾಗಾದರೆ ಪೆಟ್ಟಿಗೆಯನ್ನು ಇಳಿಸಬೇಕಾ ಎಂದು ಕೇಳಿದರು. ಇಳಿಸುವುದಾದರೆ ಆದೀತು, ಆದರೆ ರೀಡುಗಳೆಲ್ಲ ಹಳೆಯವು, ಬುಡ ಉಜ್ಜಿದರೆ ಕೆಲವು ಮುರಿಯಬಹುದು ಎಂದೆ.

"ಬ್ಯಾಡ ಬುಡವ್ವ. ನಮ್ಮಪ್ಪನ ಕಾಲದಿಂದ್ಲೂ ಅದು ಹಿಂಗೇ ಕೂಗಿರೋದು. ಆಚೆ ಊರಿಗೆ ಕೇಳ್ಸಿದ್ರೆ, ಓ ಅವರ ಪೆಟ್ಟಿಗೆ ಶುರುವಾಯ್ತು ಅಂತಿದ್ರು."

ಆಗ ನಾನು ಇನ್ನೊಂದು ದಾರಿ ಹೇಳಿದೆ. ರಾಜನ ಹಾಡುಗಳಿಗೆ ಮಾತ್ರ ಮೇಷ್ಟ್ರು ಎರಡು ಮನೆ ಕೆಳಗೆ, ಕಪ್ಪು ಐದರಿಂದ ನುಡಿಸಿದರೆ ದನಿ ಗಡಿಯೊಳಗೇ ಉಳಿಯುತ್ತದೆ. ಎಲ್ಲರೂ ಒಪ್ಪಿದರು. ತಬಲ ಹೊಂದಲಿಲ್ಲ, ಆ ದೊಡ್ಡ ಪೆಟ್ಟಿಗೆಯ ಏರುದನಿಗೆ ಬಿಗಿದಿಟ್ಟ ಕಿರುಬಾಯಿಯ ತಬಲ ಅದು, ಸಡಿಲಿಸಿದರೆ ಒದ್ದೆ ಚೀಲ ತಟ್ಟಿದಂತೆ ಸದ್ದು. ಸದ್ಯಕ್ಕೆ ತಬಲ ಬೇಡ, ಬರೀ ಪೆಟ್ಟಿಗೆಯಲ್ಲಿ ನೋಡೋಣ ಎಂದು ಶುರು ಮಾಡಿದರು.

ಕಂಡಕ್ಟರು ಎದ್ದು ನಿಂತರು. ಮೊದಲ ಹಾಡು ಸಲೀಸಾಗಿ ಬಂತು. ಎರಡನೆಯದೂ ಬಂತು. ಆ ಮನುಷ್ಯ ಹಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂಗಡಿಗೆ ಬಂದು ಪಿಸುಗುಟ್ಟಿದವರ ಎದೆಯಿಂದ ಅಂಥ ದನಿ ಬರುತ್ತದೆಂದು ಊಹಿಸುವಂತಿರಲಿಲ್ಲ. ಅವರ ಹೆಂಡತಿ ಒಂದು ಹೆಜ್ಜೆ ಒಳಗೆ ಬಂದು ಗೋಡೆಗೆ ಒರಗಿದಳು.

ಮೂರನೆಯದು ರಾಜ ಸಿಟ್ಟಿನಿಂದ ಹಾಡುವ ಪದ್ಯ. ಎದುರು ಪಾತ್ರದವನು ಮಾತಿನಲ್ಲಿ ಕೆಣಕುತ್ತಾನೆ, ರಾಜ ಏರುದನಿಯಲ್ಲಿ ಉತ್ತರ ಕೊಡುತ್ತಾನೆ. ಎದುರಿನವನು ಚೆನ್ನಾಗಿ ಕೆಣಕಿದ. ಕೂತವರು ಸಿಳ್ಳೆ ಹೊಡೆದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಿದಿ ಜೋರಾಗಿ ತುಳಿದರು. ಇಂಥ ಕಡೆ ಶ್ರುತಿ ಏರಿಸುವುದು ನಾಟಕದ ಮೇಷ್ಟ್ರುಗಳ ಕೈಗೆ ಅಭ್ಯಾಸವಾಗಿ ಹೋಗಿರುತ್ತದೆ. ಮನಸ್ಸು ಹೇಳುವುದಕ್ಕೆ ಮೊದಲೇ ಬೆರಳು ಹೋಗುತ್ತದೆ. ನಾನು ಪಕ್ಕದಲ್ಲೇ ಕೂತಿದ್ದೆ. ಅವರ ಬೆರಳುಗಳು ಕಪ್ಪು ಐದನ್ನು ಬಿಟ್ಟು, ಕಾಗದ ಅಂಟಿಸಿದ ಬಿಳಿ ಒಂದನ್ನೂ ದಾಟಿ, ಕಪ್ಪು ಎರಡರ ಮೇಲೆ ಇಳಿದದ್ದನ್ನು ಕಂಡೆ. ಕಂಡಕ್ಟರು ಕೇಳಿಸಿಕೊಂಡರು. ಅವರ ಕಣ್ಣು ಒಮ್ಮೆ ಪೆಟ್ಟಿಗೆಯ ಕಡೆ ಹೊರಳಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದನಿಯ ಹಿಂದೆಯೇ ಏರಿದರು.

ನಾನು "ಮೇಷ್ಟ್ರೇ" ಎಂದು ಕೂಗಿ ಅವರ ಮುಂಗೈ ಹಿಡಿದೆ. ಅಷ್ಟರಲ್ಲಿ ಹಾಡು ನಿಂತುಹೋಗಿತ್ತು. ದನಿ ಒಡೆದದ್ದು ಕೂಡ ಅಲ್ಲ, ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಆಮೇಲೆ ಕೆಮ್ಮು. ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ತೆಗೆದಾಗ ಅದರಲ್ಲಿ ರಕ್ತವಿತ್ತು. ಎಳೆಯಲ್ಲ.

ಹೆಂಡತಿ ಬಂದು ಟವೆಲ್ಲನ್ನು ಕೈಯಿಂದ ತೆಗೆದುಕೊಂಡಳು. "ಮಾತಾಡ್ಬ್ಯಾಡಿ," ಎಂದಳು ಅಷ್ಟೇ. ಅವರು ಏನೋ ಹೇಳಲು ಹೊರಟಿದ್ದರು. ತುಟಿ ಆಡಿತು. ಯಾರೋ ಕಾರು ತಂದರು. ಅವರನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೂ ಮೇಷ್ಟ್ರು ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ತಮ್ಮ ಬೆರಳುಗಳನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು ಕೂತಿದ್ದರು.

ನನಗೆ ಅಂದು ತಿಪಟೂರಿಗೆ ಹೇಗೆ ಬಂದೆನೆಂಬುದು ಸರಿಯಾಗಿ ನೆನಪಿಲ್ಲ. ಎರಡು ದಿನ ಅಂಗಡಿಯಲ್ಲಿ ಯಾವ ಪೆಟ್ಟಿಗೆಯನ್ನೂ ನುಡಿಸಲಾಗಲಿಲ್ಲ. ತಿರುಪು ಬಿಗಿಯುವುದು, ಚರ್ಮ ಕತ್ತರಿಸುವುದು, ಇಂಥ ಸದ್ದಿಲ್ಲದ ಕೆಲಸಗಳನ್ನಷ್ಟೇ ಮಾಡಿದೆ.

ಕೆಲವು ದಿನಗಳ ಮೇಲೆ ಕಂಡಕ್ಟರ ಹೆಂಡತಿ ಬಂದಳು. ಗಂಟು ಮತ್ತೆ ಬೆಳೆದಿಲ್ಲ, ಸಣ್ಣ ರಕ್ತನಾಳ ಒಡೆದಿದೆ, ಪೂರ್ತಿ ಮೌನವಾಗಿರಬೇಕು ಎಂದು ಡಾಕ್ಟರು ಹೇಳಿದ್ದರು. ದನಿ ಎಷ್ಟು ಮರಳುತ್ತದೆ ಎಂಬುದು ಮೌನ ಮುಗಿದ ಮೇಲೆಯೇ ಗೊತ್ತಾಗುವುದು. ಬಸ್ಸಿನ ಮಾಲೀಕರು ಸದ್ಯಕ್ಕೆ ಬದಲಿ ಆಳನ್ನು ಹಾಕಿಕೊಂಡಿದ್ದರು. ದನಿ ಬಾರದಿದ್ದರೆ ಆ ಬದಲಿಯೇ ಕಾಯಂ.

"ಅವರು ಕೂಗಾಡ್ತಿದ್ದಾಗ ನಾನು ಬಯ್ತಿದ್ದೆ ಅಕ್ಕ, ಮನೆ ಅಂದ್ಕಂಡಿದೀರಾ ಬಸ್‌ಸ್ಟ್ಯಾಂಡ್ ಅಂದ್ಕಂಡಿದೀರಾ ಅಂತ. ಈಗ ಲೋಟ ಇಟ್ರೆ ಸದ್ದು ಕೇಳ್ತೈತೆ," ಎಂದಳು. ಆಮೇಲೆ ಬಂದ ಕಾರಣ ಹೇಳಿದಳು. ಯಜಮಾನರು ಹೇಳಿ ಕಳಿಸಿದ್ದರು. ಪೆಟ್ಟಿಗೆ ಇಳಿಸಬೇಕು. ರಾಜನ ಪಾತ್ರವನ್ನು ಬೇರೆಯವರಿಗೆ ಕೊಟ್ಟಿಲ್ಲ. ಕಂಡಕ್ಟರು ಬರುವವರೆಗೆ ನಾಟಕವನ್ನು ಮುಂದೆ ಹಾಕಿದ್ದಾರೆ. ಮೇಷ್ಟ್ರ ಕೈ ಅಭ್ಯಾಸಕ್ಕೆ ಸಿಕ್ಕರೂ ಮೊದಲಿನಷ್ಟು ಮೇಲೆ ಹೋಗದಂತೆ ಪೆಟ್ಟಿಗೆಯನ್ನೇ ತಗ್ಗಿಸಲಿ ಎಂಬುದು ಯಜಮಾನರ ಮಾತು.

ಮೂರನೆಯ ದಿನ ಯಜಮಾನರೇ ಎರಡೂ ಪೆಟ್ಟಿಗೆಗಳ ಜೊತೆ ಬಂದು, ಅಂಗಡಿಯ ಬೆಂಚಿನ ಮೇಲೆ ಕೂತರು. ಮುರಿದರೆ ಮುರಿಯಲಿ ಎಂದರು. ಆದರೆ ನನಗೆ ಧೈರ್ಯವಾಗಲಿಲ್ಲ. ಒಂದು ಮನೆಗಿಂತ ಹೆಚ್ಚು ಇಳಿಸಲು ಬುಡವನ್ನು ಅಷ್ಟು ಉಜ್ಜಿದರೆ, ಮುರಿಯದೆ ಉಳಿದ ರೀಡಿನ ದನಿಯೂ ಸೊರಗುತ್ತದೆ. ಬಹಳ ಹೊತ್ತು ಹಲಗೆಯನ್ನು ಮುಂದಿಟ್ಟುಕೊಂಡು ಕೂತೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಉಜ್ಜುವುದಕ್ಕೆ ಮೊದಲು ಎಲ್ಲ ರೀಡುಗಳನ್ನೂ ಒಂದೊಂದು ಮನೆ ಸರಿಸುವುದು. ಒಂದು ಮನೆಯ ರೀಡನ್ನು ಬಿಚ್ಚಿ ಅದರ ಮೇಲಿನ ಮನೆಗೆ ಕೂರಿಸಿದರೆ, ಆ ಮೇಲಿನ ಮನೆ ಒತ್ತಿದಾಗ ಕೆಳಗಿನ ದನಿ ಬರುತ್ತದೆ. ಹೀಗೆ ಎಲ್ಲವೂ ಸರಿದರೆ ಇಡೀ ಪೆಟ್ಟಿಗೆ ಒಂದು ಮನೆ ಇಳಿಯುತ್ತದೆ. ಉಳಿದ ಆ ಸ್ವಲ್ಪಕ್ಕೆ ಮಾತ್ರ ಬುಡವನ್ನು ಹಗುರವಾಗಿ ಉಜ್ಜಿದರೆ ಸಾಕು.

ಹೇಳಿದಷ್ಟು ಸುಲಭವಲ್ಲ. ಪ್ರತಿ ರೀಡಿನ ತಟ್ಟೆಯೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದೋ ಚಿಕ್ಕದೋ ಇರುತ್ತದೆ. ಹಳೆಯ ತಿರುಪಿನ ತೂತುಗಳು ಹೊಂದುವುದಿಲ್ಲ. ಅವನ್ನು ಮರದ ಕಡ್ಡಿಯಿಂದ ತುಂಬಿ, ಹೊಸ ತೂತು ಕೊರೆದು, ತಟ್ಟೆಯ ಕೆಳಗೆ ಗಾಳಿ ಸೋರದಂತೆ ನೋಡಿಕೊಳ್ಳಬೇಕು. ಒಂದು ಸಾಲು ಮುಗಿಸಿ ಇನ್ನೊಂದು ಸಾಲು. ಕೆಳಗಿನ ಕೊನೆಯ ಮನೆಗಳು ಖಾಲಿಯಾದವು, ಅವಕ್ಕೆ ಹೊಸ ಉದ್ದ ರೀಡು ಹಾಕಿದೆ. ಆಮೇಲೆ ಉಜ್ಜುವ ಕೆಲಸ. ನಾಲಿಗೆಯ ಕೆಳಗೆ ತೆಳು ತಗಡು ತೂರಿಸಿ, ಬುಡದ ಹತ್ತಿರ ಎರಡು ಗೀರು. ಉಜ್ಜಿದ ಬಿಸಿಗೆ ಹಿತ್ತಾಳೆ ಸುಳ್ಳು ಹೇಳುತ್ತದೆ. ಆರುವವರೆಗೆ ಕಾಯಬೇಕು. ಹಲಗೆ ಕೂರಿಸಿ ಗಾಳಿ ಕೊಟ್ಟು ಕೇಳಬೇಕು, ಕೈಪೆಟ್ಟಿಗೆಯ ಜೊತೆ ಹೋಲಿಸಬೇಕು, ಮತ್ತೆ ತೆಗೆಯಬೇಕು. ರಾತ್ರಿ ಕಳೆದು ಬೆಳಗ್ಗೆ ಬಂದರೆ ಕೆಲವು ಮತ್ತೆ ಜಾರಿರುತ್ತಿದ್ದವು. ಅಷ್ಟು ಎಚ್ಚರ ವಹಿಸಿದರೂ ಒಂದು ರೀಡು ಬುಡದಲ್ಲಿ ಮುರಿಯಿತು. ಆ ಸದ್ದು ಉಗುರು ಕತ್ತರಿಸಿದಷ್ಟೇ. ನಾನು ಅರ ಕೆಳಗಿಟ್ಟು ಹೊರಗೆ ಹೋಗಿ ನಿಂತು ಬಂದೆ.

ಮೇಲಿನ ತುದಿಯ ರೀಡುಗಳಿಗೆ ಈಗ ಮನೆ ಇರಲಿಲ್ಲ. ಯಜಮಾನರು ಪೆಟ್ಟಿಗೆ ಒಯ್ಯಲು ಬಂದ ದಿನ ಅವನ್ನು ಅವರ ಅಂಗೈ ಮೇಲಿಟ್ಟೆ.

"ಇದೇನವ್ವ ಇಷ್ಟೇ ಇಷ್ಟು!" ಎಂದರು. "ಇದಾ ಕೂಗ್ತಿದ್ದಿದ್ದು?"

"ಎಲ್ಲಕ್ಕಿಂತ ಮೇಲೆ ಕೂಗ್ತಿದ್ದುದು ಇವೇ ಯಜಮಾನ್ರೇ."

ಅವರು ಅವನ್ನು ಮೇಲಂಗಿಯ ಒಳಜೇಬಿಗೆ ಹಾಕಿಕೊಂಡರು.

ಮೇಷ್ಟ್ರು ಅಗಲ ಬಾಯಿಯ ತಬಲವೊಂದನ್ನು ಹುಡುಕಿ ತಂದಿದ್ದರು. ತಗ್ಗಿದ ಪೆಟ್ಟಿಗೆಗೆ ಅದು ಹೊಂದಿತು. ಬೇರೆ ಪಾತ್ರಧಾರಿಗಳು ಮೊದಲು ಗೊಣಗಿದರು. "ಏನ್ಲಾ ಇದು, ಹುಲಿ ಹೋಗಿ ಎಮ್ಮೆ ಬಂದಂಗೈತೆ," ಎಂದನಂತೆ ಒಬ್ಬ. ಎರಡು ವಾರದಲ್ಲಿ ಅವರ ಗಂಟಲುಗಳೂ ಅಲ್ಲಿ ಕೂತವು. ಕಪ್ಪು ಎರಡಕ್ಕೆ ಹಾಡುವವರು ಈಗಲೂ ಕಪ್ಪು ಎರಡಕ್ಕೇ ಹಾಡುತ್ತಾರೆ. ಅದು ನಿಜವಾದ ಕಪ್ಪು ಎರಡು. ಇದನ್ನು ನಾನು ಮೇಷ್ಟ್ರಿಂದ ಕೇಳಿದ್ದು. ರಾಜನ ಚಾಪೆಯ ಜಾಗ ಖಾಲಿ ಇದೆ, ಕಾಯುತ್ತಿದ್ದೇವೆ ಎಂದೂ ಅವರು ಹೇಳಿದ್ದರು. ಆಮೇಲೆ ಬಹಳ ದಿನ ಸುದ್ದಿಯಿರಲಿಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ.

ಒಂದು ಸಂಜೆ ತುರುವೇಕೆರೆಯಲ್ಲಿ ಒಂದು ಶಾಲೆಯ ಪೆಟ್ಟಿಗೆ ನೋಡುವ ಕೆಲಸ ಬಂತು. ತಿಪಟೂರಿನಲ್ಲಿ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ತಲೆಯ ಹತ್ತಿರ ಯಾರೋ, "ಎಲ್ಲಿಗಕ್ಕ?" ಎಂದರು.

ಅವರೇ. ದನಿ ಮೊದಲಿನದಲ್ಲ. ತಗ್ಗಿತ್ತು, ಒಂದು ಅಂಚಿನಲ್ಲಿ ಒರಟಾಗಿತ್ತು. ಆದರೆ ಬಸ್ಸಿನ ಸದ್ದಿನ ನಡುವೆ ಮೂರು ಸೀಟು ದೂರಕ್ಕೆ ಕೇಳುವಷ್ಟಿತ್ತು. ತುರುವೇಕೆರೆ ಎಂದು ಹೇಳಿ ಹಣ ಚಾಚಿದೆ.

"ಕೂಗಾಕೆ ಸೀಟಿ ಐತೆ. ಕೇಳಾಕೆ ಇದು ಸಾಕು," ಎಂದರು ಅವರು, ನನ್ನ ಮುಖ ನೋಡಿ.

"ತಾಲೀಮಿಗೆ ಹೋಗ್ತಿದೀರಾ?"

"ಇಲ್ಲ ಕಣಕ್ಕ. ತಗ್ಗಿಸ್ಕಂಡು ಹಾಡ್ಬೋದು ಅಂದ್ರು ಡಾಕ್ಟ್ರು. ಹಾಡಲ್ಲ." ಟಿಕೆಟ್ ಹರಿದು ಕೊಟ್ಟರು. "ಆವತ್ತು ಮೇಷ್ಟ್ರು ಏರ್ಸಿದ್ದು ನಂಗೆ ಗೊತ್ತಾಯ್ತು. ಗೊತ್ತಾಗೇ ಹೋದೆ. ಇನ್ನೊಂದ್ಸಲ ಏರ್ಸಿದ್ರೂ ಹೋಗ್ತೀನಿ. ನಾನು ಅಂತೋನೇ. ಅದ್ಕೇ ಪಾತ್ರನ ಬುಟ್ಕೊಟ್ಟೆ. ನಮ್ಮೂರಲ್ಲೊಬ್ಬ ಟೈಲರ್ ಐದಾನೆ, ಅವನು ಕಲೀತಾವ್ನೆ."

ಪೆಟ್ಟಿಗೆಯನ್ನು ನಿಮಗಾಗಿಯೇ ಇಳಿಸಿದ್ದು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಟಿಕೆಟ್ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಅವರ ಊರಿನ ಗೇಟಿನಲ್ಲಿ ಬಸ್ಸು ನಿಂತಿತು. ಇಬ್ಬರು ಇಳಿದರು. ತೆಂಗಿನ ಸಾಲಿನ ಆಚೆ ಕೊಬ್ಬರಿ ಮನೆಯ ದೀಪ ಹತ್ತಿತ್ತು. ಅಲ್ಲಿಂದ ದೊಡ್ಡ ಪೆಟ್ಟಿಗೆಯ ದನಿ ಬರುತ್ತಿತ್ತು, ಅದರ ಮೇಲೆ ಟೈಲರನ ದನಿ. ರಾಜನ ಮೊದಲ ಹಾಡು. ಕಂಡಕ್ಟರು ಫುಟ್‌ಬೋರ್ಡಿನ ಮೇಲೆ, ಬಾಗಿಲ ಸರಳು ಹಿಡಿದು ನಿಂತರು. ಸೀಟಿ ಊದಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿದ, ಇಂಜಿನ್ ನಿಲ್ಲಿಸಿದ. ಹಾಗೆ ನಿಲ್ಲಿಸುವುದು ಅವನಿಗೆ ರೂಢಿಯಾಗಿತ್ತು ಎಂದು ಕಂಡಿತು. ಟೈಲರ್ ಒಂದು ಕಡೆ ತಪ್ಪಿದ. ಕಂಡಕ್ಟರ ಗಲ್ಲ ಸ್ವಲ್ಪ ಮೇಲೆದ್ದಿತು, ಗಂಟಲು ಒಮ್ಮೆ ಆಡಿತು. ದನಿ ಬರಲಿಲ್ಲ, ಬರಗೊಡಲಿಲ್ಲ. ಟೈಲರ್ ಅದೇ ಸಾಲನ್ನು ಮತ್ತೆ ಹಿಡಿದು ಸರಿಯಾಗಿ ಹಾಡಿದ.

ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಏನ್ ಕಂಡಕ್ಟ್ರೇ, ಇಲ್ಲೇ ಮನೆ ಕಟ್ಟಿಸ್ತೀರಾ?"

"ಬಂತು ಕಣಪ್ಪ, ಬಂತು," ಎಂದರು ಅವರು. ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, ಆ ತಗ್ಗಿದ ಒರಟು ದನಿಯಲ್ಲೇ, "ರೈಟ್," ಎಂದರು.